ಹಾರದ ದಿನಕ್ಕೂ ಲಾಗ್‌ಬುಕ್‌ನಲ್ಲಿ ಒಂದು ಸಾಲು ಕೊಡಿ

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಕಾರಣ ಒಂದು ಕಮೆಂಟ್.

ಹೋದ ವಾರ ನಾನು ಸುಮ್ನೆ ಮಾತಿನ ಮಧ್ಯೆ ಹೇಳಿದ್ದೆ, ಪೈಲಟ್ ಟ್ರೈನಿಂಗ್‌ನಲ್ಲಿದ್ದಾಗ ಎಷ್ಟೋ ದಿನ ನಾನಾಗಿಯೇ ಹಾರದೆ ವಾಪಸ್ ಬಂದಿದ್ದೇನೆ ಅಂತ. ಅದಕ್ಕೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಬ್ರೋ, ಇಷ್ಟು ಭಯ ಇದ್ರೆ ಬಿಎಂಟಿಸಿ ಬಸ್ ಓಡಿಸ್ಬಹುದಿತ್ತಲ್ಲ." ಅದಕ್ಕೆ 43 ಲೈಕ್. ಅದರಲ್ಲಿ ಒಂದು ನನ್ನ ಸ್ವಂತ ತಂಗಿಯದು.

ಮೊದಲು ಬಸ್ಸಿನ ವಿಷಯ ಮುಗಿಸೋಣ. ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್‌ನಲ್ಲಿ ಬಿಎಂಟಿಸಿ ಓಡಿಸಲು ನನ್ನ ಎರಡರಷ್ಟು ಧೈರ್ಯ ಬೇಕು. ಮೊದಲು ಡ್ರೈವರ್ ಅಣ್ಣಂದಿರ ಹತ್ತಿರ ಹೋಗಿ ಕ್ಷಮೆ ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ.

ಈಗ ನನ್ನ ಹಟಕ್ಕೆ ಬರುತ್ತೇನೆ. ಪೈಲಟ್ ಲಾಗ್‌ಬುಕ್ ನೋಡಿದ್ದೀರಾ? ದಿನಾಂಕ, ವಿಮಾನದ ನಂಬರ್, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಇನ್‌ಸ್ಟ್ರಕ್ಟರ್ ಜೊತೆ ಹಾರಿದ ಡ್ಯುಯಲ್ಲಾ, ಒಬ್ಬನೇ ಹಾರಿದ ಸೋಲೋನಾ. ಎಲ್ಲದಕ್ಕೂ ಕಾಲಂ ಇದೆ. ಏರ್‌ಫೀಲ್ಡ್‌ಗೆ ಹೋಗಿ, ಆಕಾಶ ನೋಡಿ, ವಿಮಾನ ನೋಡಿ, "ಇವತ್ತು ಬೇಡ" ಅಂತ ವಾಪಸ್ ಬಂದ ದಿನಕ್ಕೆ ಮಾತ್ರ ಜಾಗವಿಲ್ಲ. ಇರಬೇಕು ಅನ್ನುವುದು ನನ್ನ ವಾದ. ಇಂಥ ದಿನ, ಇಂಥ ಕಾರಣ, ಹಾರಲಿಲ್ಲ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಸಹಿ. ಇಷ್ಟೇ ಕೇಳುತ್ತಿರುವುದು.

ಯಾಕೆ ಅಂತ ಒಂದು ಕಥೆ ಹೇಳುತ್ತೇನೆ. ಸ್ಕೂಲಿನ ಹೆಸರು ಬೇಡ.

ಏಪ್ರಿಲ್ ತಿಂಗಳು. ಮಧ್ಯಾಹ್ನ ಮೂರಕ್ಕೆ ನನ್ನ ಸೋಲೋ ಸ್ಲಾಟ್, ಸೆಸ್ನಾ 172 ಅನ್ನುವ ಪುಟ್ಟ ವಿಮಾನದಲ್ಲಿ. ಮಗ ಒಬ್ಬನೇ ಹಾರುತ್ತಾನೆ ಅಂತ ನೋಡಲು ದಾವಣಗೆರೆಯಿಂದ ಅಪ್ಪ ಬಂದಿದ್ದರು. ಜೊತೆಗೆ ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗಳು, ಮತ್ತು ಒಂದು ಡಬ್ಬಿ ತುಂಬ ಮಂಡಕ್ಕಿ ಮಿರ್ಚಿ. ಬೇಲಿಯಾಚೆ ನಾಲ್ಕು ಮೊಬೈಲ್ ಮೇಲೆದ್ದು ನಿಂತಿದ್ದವು.

ನಾನು ವಿಮಾನದ ಸುತ್ತ ಸುತ್ತಿದೆ. ರೆಕ್ಕೆ ಹತ್ತಿ ಟ್ಯಾಂಕಿಗೆ ಕಡ್ಡಿ ಇಳಿಸಿ ಪೆಟ್ರೋಲ್ ಅಳೆದೆ. ಕೆಳಗಿನ ಡ್ರೈನ್‌ನಿಂದ ಪುಟ್ಟ ಲೋಟಕ್ಕೆ ಒಂದಿಷ್ಟು ಇಳಿಸಿಕೊಂಡು ಬೆಳಕಿಗೆ ಹಿಡಿದೆ. ತೆಳು ನೀಲಿ. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ಗುಂಡಗೆ ಕೂರುತ್ತದೆ. ಇರಲಿಲ್ಲ. ವಿಮಾನ ಬಂಗಾರದಂತಿತ್ತು.

ಆಮೇಲೆ ಗಾಳಿ ಎತ್ತ ಬೀಸುತ್ತಿದೆ ಅಂತ ತೋರಿಸುವ ಗಾಳಿಚೀಲ ನೋಡಿದೆ. ಅದು ಪೂರ್ತಿ ಸೆಟೆದು ನಿಂತಿತ್ತು. ನೋಡುತ್ತಿದ್ದ ಹಾಗೇ ಜೋತು ಬಿತ್ತು. ಒಂದು ನಿಮಿಷದ ಮೇಲೆ ಎದ್ದಾಗ ಬಾಲ ಉಲ್ಟಾ ದಿಕ್ಕಿಗಿತ್ತು. ಪಶ್ಚಿಮದಲ್ಲಿ ಹೂಕೋಸಿನ ಹಾಗೆ ಉಬ್ಬಿದ ಮೋಡ, ಅದರ ಹೊಟ್ಟೆ ಆಗಲೇ ಕಪ್ಪಗಾಗಿತ್ತು. ಬಿಸಿಲು 35 ಡಿಗ್ರಿ. ಬೆಂಗಳೂರಿನ ಕಡೆ ರನ್‌ವೇ ಇರುವುದೇ ಸುಮಾರು 3000 ಅಡಿ ಎತ್ತರದಲ್ಲಿ. ಆ ಬಿಸಿಗೆ ಗಾಳಿ ತೆಳ್ಳಗಾದರೆ, ವಿಮಾನದ ಪಾಲಿಗೆ ಅದು 6000 ಅಡಿ. ಅಂದರೆ ಹೆಚ್ಚು ಕಡಿಮೆ ಮುಳ್ಳಯ್ಯನಗಿರಿಯ ನೆತ್ತಿ. ರೆಕ್ಕೆಗೂ ಎಂಜಿನ್‌ಗೂ ಪ್ರೊಪೆಲ್ಲರ್‌ಗೂ ಉಸಿರು ಸಾಲುವುದಿಲ್ಲ. ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ.

ಬೇಡ ಅಂದೆ.

ಚಿಕ್ಕಪ್ಪ ಅಂದರು: "ಅಲ್ಲಪ್ಪಾ, ಇಷ್ಟು ದೂರ ಬಂದೀವಿ. ಒಂದೇ ಒಂದು ರೌಂಡ್ ಹೊಡ್ಕೊಂಡು ಬಾ. ನಾನೂ ಕೂತ್ಕೋತೀನಿ." ಸ್ಟೂಡೆಂಟ್ ಲೈಸೆನ್ಸ್‌ನಲ್ಲಿ ಪ್ಯಾಸೆಂಜರ್ ಕೂರಿಸುವ ಹಾಗಿಲ್ಲ ಅಂದೆ. "ನಾನು ಪ್ಯಾಸೆಂಜರ್ ಹೆಂಗಾಗ್ತೀನಿ, ಚಿಕ್ಕಪ್ಪ ಅಲ್ಲೇನು?" ಅಂದರು.

ಈಗ ನೀವು ಕಾಯುತ್ತಿರುವುದು ಏನು ಅಂತ ಗೊತ್ತು. ಹತ್ತೇ ನಿಮಿಷದಲ್ಲಿ ಗುಡುಗು, ಆಲಿಕಲ್ಲು, ಎಲ್ಲರೂ ನನ್ನ ಬೆನ್ನು ತಟ್ಟಿದರು. ಅಲ್ವಾ? ಇಲ್ಲ. ಒಂದು ಹನಿ ಬೀಳಲಿಲ್ಲ. ಮೋಡ ಬೇರೆ ಕಡೆ ಹೋಯಿತು. ನಾಲ್ಕು ಗಂಟೆಗೆ ಆಕಾಶ ನಗುತ್ತಿತ್ತು. ಅಷ್ಟರಲ್ಲಿ ನನ್ನ ಬ್ಯಾಚಿನವನೊಬ್ಬ ಅದೇ ವಿಮಾನ ತಗೊಂಡು ಹೋಗಿ 40 ನಿಮಿಷ ಹಾರಿ ಬಂದ. ಇಳಿದವನು ನಮ್ಮ ಡಬ್ಬಿಯಿಂದಲೇ ಎರಡು ಮಿರ್ಚಿ ತಿಂದ. ಚಿಕ್ಕಪ್ಪ ಇವತ್ತಿಗೂ ಪ್ರತಿ ಯುಗಾದಿಗೆ ಕೇಳುತ್ತಾರೆ: "ಏನೋ, ಮಳೆ ಬಂತೇನೋ?"

ಅವನ ಲಾಗ್‌ಬುಕ್‌ನಲ್ಲಿ ಅವತ್ತಿನ ತಾರೀಖಿಗೆ 40 ನಿಮಿಷ ಸೋಲೋ. ನನ್ನದರಲ್ಲಿ ಏನೂ ಇಲ್ಲ. ಪುಸ್ತಕದ ಪ್ರಕಾರ ಅವತ್ತು ಕಲಿತವನು ಅವನು. ನಾನು ಮಂಡಕ್ಕಿ ತಿಂದವನು. ಹಾರಿದ್ದರೆ ಏನಾಗುತ್ತಿತ್ತು ಅಂತ ತೋರಿಸಲು ನನ್ನ ಹತ್ತಿರ ಸಾಕ್ಷಿ ಇಲ್ಲ, ಯಾವತ್ತೂ ಇರುವುದಿಲ್ಲ. ಅದಕ್ಕೇ ಆ ಒಂದು ಸಾಲು ಬೇಕು ಅನ್ನುತ್ತಿರುವುದು.

ಇಲ್ಲಿ ಒಂದು ನಿಮಿಷ. ನಮ್ಮ "ಇವತ್ತು ಹಾರಲ್ಲ" ಮಗ್ ಬಂದಿದೆ. ಲಿಂಕ್ ಕೆಳಗಿದೆ. ಅಮ್ಮ ಅದರಲ್ಲಿ ಮಜ್ಜಿಗೆ ಕುಡಿಯುತ್ತಾರೆ, ಗಟ್ಟಿಯಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟಿದ್ದಾರೆ.

ಸರಿ. ಇನ್ನೊಬ್ಬರು ದುಡ್ಡಿನ ಮಾತು ತೆಗೆದಿದ್ದಾರೆ. "ಸರ್, ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಬೇಕು, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಹೊಣೆ ಹೊತ್ತವರು, ಆಗಿರಬೇಕು. ಗಂಟೆಗೆ ಹತ್ತು ಸಾವಿರ ದಾಟುತ್ತದೆ. ಹೀಗೆ ರದ್ದು ಮಾಡುತ್ತಾ ಕೂತರೆ ಲೋನ್ ಯಾರು ಕಟ್ಟುತ್ತಾರೆ?" ಬಹಳ ಒಳ್ಳೆಯ ಪ್ರಶ್ನೆ. ಇಎಂಐ ಕಟ್ಟಲು ಪೈಲಟ್ ಇರಬೇಕಲ್ವಾ? ಮುಂದಿನ ಪ್ರಶ್ನೆ.

"ಇನ್‌ಸ್ಟ್ರಕ್ಟರ್ ಇರುತ್ತಾರಲ್ಲ, ಅವರು ನೋಡಿಕೊಳ್ಳುತ್ತಾರೆ." ಹೌದಾ? 1996ರ ಏಪ್ರಿಲ್ 11, ಅಮೆರಿಕದ ವಯೋಮಿಂಗ್ ರಾಜ್ಯದ ಶಾಯೆನ್. ಜೆಸಿಕಾ ಡುಬ್ರಾಫ್ ಅಂತ ಏಳು ವರ್ಷದ ಹುಡುಗಿ. ಏಳು! ದೇಶದ ಈ ತುದಿಯಿಂದ ಆ ತುದಿಗೆ ಹಾರುವ ದಾಖಲೆ ಮಾಡಲು ಹೊರಟಿದ್ದಳು. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್, ಅವರೇ ವಿಮಾನದ ಹೊಣೆ ಹೊತ್ತವರು. ಹಿಂದೆ ಅಪ್ಪ. ಸುತ್ತ ಟಿವಿ ಕ್ಯಾಮರಾ. ಏರ್‌ಪೋರ್ಟ್ ಇರುವುದು 6100 ಅಡಿಗೂ ಎತ್ತರದಲ್ಲಿ, ಸೆಸ್ನಾದಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ತೂಕ, ಗುಡುಗು ಮಳೆ ಹತ್ತಿರ ಬರುತ್ತಿತ್ತು. ಹೊರಟರು. ಏರುವಾಗಲೇ ವೇಗ ಸಾಲದೆ ವಿಮಾನ ಬಿತ್ತು. ಮೂವರೂ ಹೋದರು. ತನಿಖೆ ಮಾಡಿದವರು ಅಂಥ ಹವೆಯಲ್ಲಿ ಹೊರಟದ್ದೇ ತಪ್ಪು ಅಂದರು. ಅತಿ ಬಿಗಿಯಾದ ವೇಳಾಪಟ್ಟಿ, ಟಿವಿಯವರಿಗೆ ಕೊಟ್ಟ ಮಾತು, ಇವೂ ಕಾರಣ ಅಂತ ಬರೆದರು. ಮಕ್ಕಳಿಂದ ಇಂಥ ದಾಖಲೆ ಮಾಡಿಸಬಾರದು ಅಂತ ಅಮೆರಿಕದಲ್ಲಿ ಅದೇ ವರ್ಷ ಕಾನೂನೂ ಬಂತು. ಕಾನೂನು ಬಂತು, ನನ್ನ ಕಾಲಂ ಬರಲಿಲ್ಲ!

ಪೈಲಟ್‌ಗಳಿಗೆ ಪೇವ್ (PAVE) ಅಂತ ಒಂದು ಪಟ್ಟಿ ಕಲಿಸುತ್ತಾರೆ. ಹೊರಡುವ ಮುಂಚೆ ನೋಡಬೇಕಾದ ನಾಲ್ಕು ವಿಷಯ, ಒಂದೊಂದಕ್ಕೆ ಒಂದು ಇಂಗ್ಲಿಷ್ ಅಕ್ಷರ. ಪೈಲಟ್, ವಿಮಾನ, ಹವೆ ಮತ್ತು ಸುತ್ತಲ ಪರಿಸ್ಥಿತಿ, ಕೊನೆಯ E ಅಂದರೆ ಎಕ್ಸ್‌ಟರ್ನಲ್ ಪ್ರೆಶರ್, ಹೊರಗಿನ ಒತ್ತಡ. ನಮ್ಮ ಚಿಕ್ಕಪ್ಪನನ್ನು ಒಮ್ಮೆಯೂ ನೋಡದೆ ಅಮೆರಿಕದವರು ಅವರಿಗೆ ಅಂತಲೇ ಒಂದು ಅಕ್ಷರ ಮೀಸಲಿಟ್ಟಿದ್ದಾರೆ.

ಮೂರನೆಯವರು ಇನ್ನೂ ಚೆನ್ನಾಗಿದ್ದಾರೆ. "ಮೋಡದೊಳಗೆ ಹೋದರೂ ಕೈ ಪಳಗಿದ್ದರೆ ಆಚೆ ಬರಬಹುದು." ಬರಬಹುದು, ಬರಬಹುದು. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನೇ ನೋಡಿದರು. ಬರೀ ಉಪಕರಣ ನೋಡಿ ಹಾರುವುದನ್ನು ಕಲಿಯದ 20 ಜನ. ಹೊರಗಿನದು ಕಾಣದ ಹಾಗೆ ಮಾಡಿದರು. 20 ಜನವೂ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ, ಅಷ್ಟರಲ್ಲಿ ನಿಮ್ಮ ಮನೆಯ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಕೂಡ ಇಳಿಯುವುದಿಲ್ಲ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದದ್ದಕ್ಕೆ ಬಚಾವ್. ಆಮೇಲೆ ಅವರಿಗೆ ಕಲಿಸಿದ್ದು ಏನು ಗೊತ್ತಾ? ಹೋದ ದಾರಿಗೆ ವಾಪಸ್ ತಿರುಗುವುದು! ವಾಪಸ್ ಬರುವುದೂ ಕಲಿಸಬೇಕಾದ ವಿದ್ಯೆ. ವಿದ್ಯೆ ಅಂದ ಮೇಲೆ ಲೆಕ್ಕಕ್ಕೆ ಬರಬೇಕಾ ಬೇಡವಾ? ಲೆಕ್ಕಕ್ಕೆ ಬರಬೇಕು ಅಂದ ಮೇಲೆ ಬರೆಯಬೇಕಾ ಬೇಡವಾ?

ಬರೆಯಬೇಕು! ನೆಗಡಿ ಆಗಿ ಕಿವಿ ಕಟ್ಟಿತ್ತು, ಹಾರಲಿಲ್ಲ, ಬರೆಯಿರಿ. ರಾತ್ರಿ ನಿದ್ದೆ ಇಲ್ಲ, ಬರೆಯಿರಿ. ಗರ್ಲ್‌ಫ್ರೆಂಡ್ ಜೊತೆ ಜಗಳ ಆಡಿ ತಲೆ ನಿಲ್ಲುತ್ತಿಲ್ಲ, ಅದನ್ನೂ ಬರೆಯಿರಿ, ಸಹಿ ಹಾಕುವಾಗ ಇನ್‌ಸ್ಟ್ರಕ್ಟರ್‌ಗೂ ಸ್ವಲ್ಪ ಮನರಂಜನೆ.

"ಲಾಗ್‌ಬುಕ್ ಸರ್ಕಾರಿ ಲೆಕ್ಕದ ದಾಖಲೆ, ಸಿಕ್ಕಿದ್ದೆಲ್ಲ ಗೀಚುವ ಹಾಗಿಲ್ಲ, ಈಗ ಎಲ್ಲ ಆನ್‌ಲೈನ್" ಅಂತ ಒಬ್ಬರು ಉದ್ದದ ಮೆಸೇಜ್ ಕಳಿಸಿದ್ದಾರೆ. ಪೂರ್ತಿ ಓದಿಲ್ಲ. ಷರಾ ಕಾಲಂ ಇದೆಯಲ್ಲ ಸ್ವಾಮಿ? ಅಲ್ಲೇ ಬರೆಯಿರಿ. ಅಲ್ಲೂ ಬೇಡವಾ? ಹಿಂದಿನ ಖಾಲಿ ಹಾಳೆಯಲ್ಲಿ ಬರೆಯಿರಿ. ಬೇರೆ ನೋಟ್‌ಬುಕ್ ತಗೊಳ್ಳಿ. ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯಿರಿ! ಯಾಕೆ ಅಂದರೆ... ಯಾಕೆ ಅಂತ ಆಗಲೇ ಹೇಳಿದೆನಲ್ಲ. ನಾನು ಹೇಳುತ್ತಿದ್ದೇನೆ, ಬರೆಯಿರಿ.

ನಾನಂತೂ ಅವೆನ್ಯೂ ರೋಡ್‌ಗೆ ಹೋಗಿ ಒಂದು ರಬ್ಬರ್ ಸ್ಟಾಂಪ್ ಮಾಡಿಸಿಕೊಂಡು ಬಂದಿದ್ದೇನೆ. ನೋಡಿ, ಕ್ಯಾಮರಾ ಹತ್ತಿರ ಹಿಡಿಯುತ್ತೇನೆ. "ಹಾರಲಿಲ್ಲ". ಅಂಗಡಿಯವರು ಎರಡು ಸಲ ಕೇಳಿದರು, ಸರ್ ಕಾಗುಣಿತ ಸರಿ ಇದೆಯಾ, "ಹಾಜರಿಲ್ಲ" ಅಂತ ಅಲ್ವಾ ಇರಬೇಕು ಅಂತ. ಇಂಕು ಕೆಂಪು ಇರಲಿ ಅಂದೆ, ನೇರಳೆ ಕೊಟ್ಟರು.

ಬಸ್ ಓಡಿಸು ಅಂದ ಬ್ರೋ, ವಿಳಾಸ ಕಳಿಸಿ. ನಿಮಗೂ ಒಂದು ಸ್ಟಾಂಪ್ ಫ್ರೀ. ಕೊರಿಯರ್ ಚಾರ್ಜ್ ಮಾತ್ರ ನಿಮ್ಮದೇ.