ಮೊದಲು ಕೈ ಕಟ್ಟಿಕೊಳ್ಳಿ

ಕೇಳುಗರಿಗೆ ನಮಸ್ಕಾರ.

ನಾನು ಪೊಲೀಸ್ ಇಲಾಖೆಯಲ್ಲಿ ಇದ್ದವನು. ಕಾನ್‌ಸ್ಟೇಬಲ್ ಆಗಿ ಸೇರಿದೆ, ಎಎಸ್‌ಐ ಆಗಿ ನಿವೃತ್ತನಾದೆ. ಕಾರವಾರ, ಅಂಕೋಲಾ, ಕುಮಟಾ, ಕೊನೆಗೆ ಘಟ್ಟ ಹತ್ತಿ ಶಿರಸಿ. ಇವತ್ತು ನಾನು ಕಳ್ಳರ ಕತೆ ಹೇಳಲು ಬಂದಿಲ್ಲ. ಅಪರಾಧ ನಡೆದ ಜಾಗವನ್ನು ಹೇಗೆ ನೋಡಬೇಕು ಅಂತ ನಮಗೆ ಕಲಿಸಿದ ಮಾಸ್ತರು, ಮೇಡಂಗಳ ಕತೆ ಹೇಳುತ್ತೇನೆ.

ತರಬೇತಿಯ ಮೊದಲ ದಿನ. ಖಾಲಿ ಬಿದ್ದ ಒಂದು ಹಂಚಿನ ಮನೆಯೇ ನಮ್ಮ ಕ್ಲಾಸು. ಒಳಗೆ ನೆಲದ ಮೇಲೆ ಹುಲ್ಲು ತುಂಬಿದ ಒಂದು ಗೊಂಬೆ ಮಲಗಿತ್ತು. ಪಕ್ಕದಲ್ಲಿ ಮಗುಚಿದ ಕುರ್ಚಿ, ಒಡೆದ ಲೋಟ. ಬೆಂಗಳೂರಿನಿಂದ ಬಂದಿದ್ದ ಮೇಡಂ ಇಷ್ಟೇ ಹೇಳಿದರು: "ಒಳಗೆ ಹೋಗಿ ನೋಡ್ಕೊಂಡು ಬನ್ನಿ." ಇಪ್ಪತ್ತು ಜನ ನುಗ್ಗಿದೆವು. ಒಬ್ಬ ಕುರ್ಚಿ ಎತ್ತಿ ನಿಲ್ಲಿಸಿದ, ಪಾಪ, ಶಿಸ್ತಿನ ಹುಡುಗ. ನಾನು ಸೆಕೆ ಅಂತ ಕಿಟಕಿ ತೆಗೆದೆ. ಹೊರಗೆ ಬಂದ ಮೇಲೆ ಮೇಡಂ ಬೂಟಿನ ತಳ ತೋರಿಸಿ ಅಂದರು. ಎಲ್ಲರ ತಳವೂ ಬೆಳ್ಳಗೆ. ಹೊಸ್ತಿಲ ಒಳಗೆ ಅವರು ತೆಳ್ಳಗೆ ರಂಗೋಲಿ ಪುಡಿ ಉದುರಿಸಿಟ್ಟಿದ್ದರು. "ಇಲ್ಲಿ ಬಂದು ಹೋದವನ ಹೆಜ್ಜೆ ಆ ಪುಡಿಯ ಮೇಲಿತ್ತು. ಈಗ ನಿಮ್ಮದೇ ಇಪ್ಪತ್ತು ಜೊತೆ ಇದೆ" ಅಂದರು. ಆಮೇಲೆ ಬೋರ್ಡಿನ ಮೇಲೆ ಒಂದೇ ಸಾಲು ಬರೆದರು: ಮೊದಲು ಕೈ ಕಟ್ಟಿಕೊಳ್ಳಿ.

ಫ್ರಾನ್ಸಿನ ಎಡ್ಮಂಡ್ ಲೊಕಾರ್ಡ್ ಹೆಸರು ಕೇಳಿದ್ದು ಅದಾದ ಮೇಲೆ. 1910ರಲ್ಲಿ ಲಿಯಾನ್ ಊರಿನಲ್ಲಿ ಅಟ್ಟದ ಮೇಲಿನ ಎರಡು ಕೋಣೆ ಸಿಕ್ಕಿತು ಆತನಿಗೆ. ಅಲ್ಲೇ ಪೊಲೀಸರಿಗಾಗಿ ಪ್ರಯೋಗಾಲಯ ಶುರುಮಾಡಿದ. ಒಂದು ವಸ್ತು ಇನ್ನೊಂದಕ್ಕೆ ತಾಗಿದರೆ ಎರಡೂ ಕಡೆ ಏನಾದರೂ ಅಂಟಿಕೊಳ್ಳುತ್ತದೆ ಅನ್ನುವುದು ಆತನ ಮಾತು. ಪುಸ್ತಕದಲ್ಲಿ ಓದಿದ್ದರೆ ಆ ಸಂಜೆಗೇ ಮರೆತುಬಿಡುತ್ತಿದ್ದೆ. ಬೂಟಿನ ತಳದಲ್ಲಿ ಓದಿದ್ದು ಇಂದಿಗೂ ಮರೆತಿಲ್ಲ.

ಎರಡನೇ ದಿನದ ಪಾಠ ಕೆಂಪು ಕಲೆಯದು. ನಮ್ಮ ಜಿಲ್ಲೆಯಲ್ಲಿ ಕೆಂಪು ಕಲೆಗೆ ಬರವೇ? ಜಗಲಿ ಕಟ್ಟೆಯ ಪಕ್ಕ ಕವಳ ಉಗಿದ ಕಲೆ. ಪಂಚೆಯ ಮೇಲೆ ಮುರುಗಲು ಹಣ್ಣಿನ ಕಲೆ. ಬಂಗಡೆ ಕೊಯ್ದ ಹಲಗೆ. ಮೇಡಂ ಹತ್ತಿಯಲ್ಲಿ ಒರೆಸಿ, ಫೀನಾಲ್ಫ್ಥಲೀನ್ ಅನ್ನುವ ರಾಸಾಯನಿಕದ ಹನಿ ಬಿಟ್ಟು, ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರು. ಕವಳ ಸುಮ್ನೆ ಕೂತಿತು. ಹಲಗೆಯ ಹತ್ತಿ ತಕ್ಷಣ ಗುಲಾಬಿಯಾಯಿತು. "ರಕ್ತ ಸಿಕ್ತು!" ಅಂತ ಒಬ್ಬ ಕೂಗಿದ. "ಸಿಕ್ಕಿದ್ದು ಬಂಗಡೆ" ಅಂದರು ಮೇಡಂ. ಈ ಪರೀಕ್ಷೆಗೆ ಮೀನಿನ ರಕ್ತ ಯಾವುದು, ಮನುಷ್ಯನ ರಕ್ತ ಯಾವುದು ಅಂತ ಗೊತ್ತಾಗುವುದಿಲ್ಲ. ಕೆಲವು ತರಕಾರಿ ರಸಕ್ಕೂ ಬಣ್ಣ ಬಂದೀತು. ಹಾಗಾಗಿ ಮಹಜರಿನಲ್ಲಿ "ರಕ್ತ" ಅಂತ ಬರೆಯಬಾರದು, "ರಕ್ತದಂತೆ ಕಾಣುವ ಕಲೆ" ಅಂತ ಬರೆಯಬೇಕು. ಉಳಿದದ್ದನ್ನು ಪ್ರಯೋಗಾಲಯ ಹೇಳಲಿ.

ಈ ಪಾಠ ನನಗೆ ಸ್ವಲ್ಪ ತಡವಾಗಿ ಸಿಕ್ಕಿತು. ಅದಕ್ಕೂ ಮೊದಲು, ನೌಕರಿಗೆ ಸೇರಿದ ಹೊಸತರಲ್ಲಿ, ಒಂದು ಹಳ್ಳಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ಆಷಾಢದ ಮಳೆ. ನಾವು ತಲುಪುವಷ್ಟರಲ್ಲಿ ಮನೆಯವರು ನೆಲಕ್ಕೆ ಸೆಗಣಿ ಸಾರಿಸಿ ಮುಗಿಸಿದ್ದರು. ಅವರ ತಪ್ಪಲ್ಲ. ಸಾವಾದ ಮನೆಯನ್ನು ಹಾಗೇ ಬಿಡುವುದಿಲ್ಲ, ಅಲ್ವಾ? ಉಳಿದಿದ್ದು ಒಂದು ಕತ್ತಿ ಮಾತ್ರ. ಅದನ್ನು ಬಹಳ ಜೋಪಾನ ಮಾಡುತ್ತಿದ್ದೇನೆ ಅಂದುಕೊಂಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಬಾಯಿ ಬಿಗಿಯಾಗಿ ಕಟ್ಟಿದೆ. ಹತ್ತು ದಿನದ ಮೇಲೆ ಬಿಚ್ಚಿದಾಗ ಹಿಡಿಯ ತುಂಬ ಬೂಷ್ಟು. ಒದ್ದೆ ರಕ್ತವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಕೊಳೆಯುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದ ಕವರಿನಲ್ಲಿ ಹಾಕಬೇಕು. ನಮ್ಮ ಮಳೆಗಾಲದಲ್ಲಿ ಉಪ್ಪಿನಕಾಯಿ ಭರಣಿ ಬಗ್ಗೆ ಮನೆಯಲ್ಲಿ ಎಷ್ಟು ಕಾಳಜಿ ಮಾಡುತ್ತಾರೋ ಅಷ್ಟನ್ನು ಮುದ್ದೆಮಾಲಿಗೂ, ಅಂದರೆ ಸಾಕ್ಷಿಗಾಗಿ ವಶಕ್ಕೆ ತೆಗೆದುಕೊಂಡ ವಸ್ತುವಿಗೂ, ಮಾಡಬೇಕು. ಇದನ್ನು ನನಗೆ ಆಗ ಯಾರೂ ಹೇಳಿರಲಿಲ್ಲ. ಆ ಕತ್ತಿ ಈಗಲೂ ಒಮ್ಮೊಮ್ಮೆ ಕನಸಿನಲ್ಲಿ ಬರುತ್ತದೆ.

ಮೇಡಂ ನಮಗೆ ಒಬ್ಬ ಹೆಂಗಸಿನ ಕತೆ ಹೇಳಿದ್ದರು. ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ. ಹುಟ್ಟಿದ್ದು 1878ರಲ್ಲಿ, ಶಿಕಾಗೋದ ಶ್ರೀಮಂತ ಮನೆಯಲ್ಲಿ. ಕಾಲೇಜಿಗೆ ಹೋಗಲಿಲ್ಲ. ಐವತ್ತು ದಾಟಿದ ಮೇಲೆ ತನ್ನ ಹಣ, ತನ್ನ ಹಟ ಎರಡನ್ನೂ ಈ ವಿದ್ಯೆಗೆ ಸುರಿದಳು. ಪೊಲೀಸರನ್ನು ನಿಜವಾದ ಸಾವಿನ ಮನೆಗೆ ಕರೆದೊಯ್ದು ಪಾಠ ಮಾಡುವುದು ಕಷ್ಟ. ಹಾಗಾಗಿ 1940ರ ದಶಕದಲ್ಲಿ ಆಕೆ ಗೊಂಬೆ ಮನೆಗಳನ್ನು ಮಾಡಿಸಿದಳು. ಒಂದು ಅಡಿಗೆ ಒಂದು ಅಂಗುಲದ ಲೆಕ್ಕ. ಅಡುಗೆಮನೆ, ಮಲಗುವ ಕೋಣೆ, ಕೊಟ್ಟಿಗೆ. ಒಳಗೆ ಸತ್ತು ಬಿದ್ದ ಪುಟ್ಟ ಗೊಂಬೆ. ಗೊಂಬೆಯ ಕಾಲುಚೀಲವನ್ನು ಗುಂಡುಸೂಜಿಯಲ್ಲಿ ತಾನೇ ಹೆಣೆದಿದ್ದಳಂತೆ. ನಮ್ಮಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವವರು ಕೂಡ ಇಷ್ಟು ಕಷ್ಟಪಡುವುದಿಲ್ಲ.

ಅಧಿಕಾರಿಗಳಿಗೆ ಒಂದು ಟಾರ್ಚು, ಒಂದು ಭೂತಗನ್ನಡಿ, 90 ನಿಮಿಷ. ಕೊಂದವರು ಯಾರು ಅನ್ನುವುದು ಅಲ್ಲಿ ಮುಖ್ಯವಲ್ಲ. ಏನೇನು ಕಂಡಿತು ಅನ್ನುವುದೇ ಪ್ರಶ್ನೆ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಗೋಡೆಯ ಅಂಚಿನಿಂದ ಶುರುಮಾಡಿ ನಡುವಿಗೆ ಬರಬೇಕು. ಹೆಣ ಕೊನೆಗೆ. ಇದು ಬಹಳ ಕಷ್ಟ, ನಾನೇ ಮಾಡಿ ನೋಡಿದ್ದೇನೆ. ಕಣ್ಣು ಸೀದಾ ಹೆಣಕ್ಕೇ ಓಡುತ್ತದೆ. ಆಕೆಯ 18 ಗೊಂಬೆ ಮನೆಗಳು ಬಾಲ್ಟಿಮೋರಿನ ಶವಪರೀಕ್ಷಕರ ಕಚೇರಿಯಲ್ಲಿವೆ. ಅವುಗಳಲ್ಲಿ ಪಾಠ ಇನ್ನೂ ನಡೆಯುತ್ತದೆ.

ಕಡಲ ತೀರದ ಪಾಠ ಬೇರೆಯದೇ. ಕಾರವಾರದ ಬೀಚಿನಲ್ಲಿ ಹೆಜ್ಜೆ ಅಚ್ಚು ತೆಗೆಯುವುದನ್ನು ಕಲಿತೆವು. ಒಣ ಮರಳಿಗೆ ಪ್ಲಾಸ್ಟರ್ ಸೀದಾ ಸುರಿದರೆ ಅಂಚು ಕುಸಿಯುತ್ತದೆ. ಮೊದಲು ತಲೆಗೂದಲಿಗೆ ಹೊಡೆಯುವ ಸ್ಪ್ರೇಯನ್ನು ಮೇಲಿಂದ ಹಗುರವಾಗಿ ಇಳಿಸಿ, ಗಟ್ಟಿ ಮಾಡಿಕೊಳ್ಳಬೇಕು. ಇದಕ್ಕೆಲ್ಲ ಸಮುದ್ರ ಕಾಯುವುದಿಲ್ಲ. ಇಳಿತ ಮುಗಿದು ಭರತ ಬರಲು ಆರು ಗಂಟೆ ಅಷ್ಟೇ. ಫೋಟೋ, ಅಳತೆ, ಅಚ್ಚು ಎಲ್ಲ ಅಷ್ಟರೊಳಗೆ ಮುಗಿಯಬೇಕು.

ನೀರಿನಲ್ಲಿ ಸಿಕ್ಕ ಹೆಣದ್ದು ಇನ್ನೊಂದು ಪಾಠ. ನೀರಿನಲ್ಲಿ ಡಯಾಟಮ್ ಅಂತ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಗಾಜಿನಂಥ ಚಿಪ್ಪಿನದು. ಜೀವ ಇರುವಾಗ ಮುಳುಗಿದರೆ ಅದು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ, ಮೂಳೆಯ ಮಜ್ಜೆಯವರೆಗೂ ಹೋಗಬಹುದು. ಕಾಳಿ ಹೊಳೆಯ ಡಯಾಟಮ್ಮೇ ಬೇರೆ, ಅಳಿವೆಯಾಚೆ ಸಮುದ್ರದ್ದೇ ಬೇರೆ. ಆದ್ದರಿಂದ ಹೆಣದ ಜೊತೆಗೆ ಅಲ್ಲಿನ ನೀರನ್ನೂ ಬಾಟಲಿಯಲ್ಲಿ ತರಬೇಕು. ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ ಅಂತ ಎಚ್ಚರಿಕೆಯನ್ನೂ ಕೊಟ್ಟಿದ್ದರು.

ಒಳ್ಳೆಯ ಮಾಸ್ತರು ಯಾರು ಅಂತ ಗೊತ್ತಾಗುವುದು ಇಂಥ ಎಚ್ಚರಿಕೆಯಲ್ಲೇ. ಬೆರಳಚ್ಚು ಅಂದರೆ ದೇವರ ಮಾತು ಅಂತ ನಾವು ನಂಬಿದ್ದೆವು. 1897ರಲ್ಲೇ ಕೋಲ್ಕತ್ತದಲ್ಲಿ ಬೆರಳಚ್ಚು ಕಚೇರಿ ತೆರೆದ ದೇಶ ನಮ್ಮದು. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅಲ್ಲಿ ದುಡಿದವರು. ಆದರೆ 2004ರ ಮ್ಯಾಡ್ರಿಡ್ ರೈಲು ಸ್ಫೋಟದಲ್ಲಿ ಅಮೆರಿಕದ ಎಫ್‌ಬಿಐ ತಜ್ಞರು ಒಬ್ಬ ನಿರಪರಾಧಿ ವಕೀಲನ ಬೆರಳು ಹೊಂದುತ್ತದೆ ಅಂದುಬಿಟ್ಟರು. ಎರಡು ವಾರ ಆತ ಬಂಧನದಲ್ಲಿದ್ದ. ಆಮೇಲೆ ಇಟಿಯಲ್ ಡ್ರೋರ್ ಅನ್ನುವ ಸಂಶೋಧಕ ಐವರು ತಜ್ಞರಿಗೆ ಅವರೇ ಹಿಂದೆ ಹೊಂದುತ್ತದೆ ಅಂದಿದ್ದ ಅಚ್ಚುಗಳನ್ನು ಕೊಟ್ಟ. ಕೊಡುವಾಗ, ಇವು ಆ ಮ್ಯಾಡ್ರಿಡ್ಡಿನ ತಪ್ಪು ಅಚ್ಚುಗಳು ಅಂದ. ನಾಲ್ವರು ಮಾತು ಬದಲಿಸಿದರು. ಕಿವಿಗೆ ಬಿದ್ದದ್ದು ಕಣ್ಣನ್ನೂ ತಿರುಗಿಸುತ್ತದೆ.

ಇದನ್ನು ಹೇಳಿ ಮೇಡಂ ಕೇಳಿದರು: "ಅಡಿಕೆ ಸುಲಿಯುವವರ ಬೆರಳು ನೋಡಿದ್ದೀರಾ?" ನೋಡದೇ ಏನು? ಮೆಟ್ಟುಗತ್ತಿ, ಚೊಗರು, ವರ್ಷಗಟ್ಟಲೆ ಅದೇ ಕೆಲಸ. ಗೆರೆ ಸವೆದು ರೇಷನ್ ಅಂಗಡಿಯ ಯಂತ್ರಕ್ಕೂ ಹಿಡಿಯುವುದಿಲ್ಲ. ಅಂಥ ಅಚ್ಚು ಸ್ಪಷ್ಟವಾಗಿಲ್ಲದಿದ್ದರೆ "ಹೇಳಲು ಬರುವುದಿಲ್ಲ" ಅಂತಲೇ ಬರೆಯಿರಿ ಅಂದರು. ಪೊಲೀಸ್ ಬಾಯಲ್ಲಿ ಆ ಮಾತು ಸುಲಭಕ್ಕೆ ಬರುವುದಿಲ್ಲ ನೋಡಿ.

ಈಗ ಕಾಲ ಬದಲಾಗಿದೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಏಳು ವರ್ಷ ಅಥವಾ ಜಾಸ್ತಿ ಶಿಕ್ಷೆಯಾಗಬಲ್ಲ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬರಬೇಕು. ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಕಲಿಯಲು ಗುಜರಾತಿನವರೆಗೆ ಹೋಗಬೇಕಾಗಿಲ್ಲ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಇತ್ತ ಧಾರವಾಡದಲ್ಲೂ ಇದೆ, ಅತ್ತ ಗೋವಾದಲ್ಲೂ ಇದೆ. ಸಂತೋಷ. ನನ್ನ ತಕರಾರು ಒಂದೇ. ಘಟ್ಟದ ರಸ್ತೆಯಲ್ಲಿ, ಮಳೆಯಲ್ಲಿ, ತಜ್ಞರ ಗಾಡಿ ಬರುವುದು ಎಷ್ಟು ಹೊತ್ತಿಗೋ. ಅಲ್ಲಿಯವರೆಗೆ ಜಾಗದಲ್ಲಿ ಇರುವವರು ಬೀಟ್ ಕಾನ್‌ಸ್ಟೇಬಲ್, ಹೋಂಗಾರ್ಡ್, ಬಲೆ ಎಳೆಯುವವರು, ಪಕ್ಕದ ಮನೆಯವರು. ಅವರಿಗೆ ಕನ್ನಡದಲ್ಲಿ ಯಾರು ಪಾಠ ಮಾಡುತ್ತಾರೆ? ಎಷ್ಟೋ ತರಬೇತಿಗೆ ಹೋಗಿದ್ದೇನೆ. ಪರದೆಯ ಮೇಲೆ ಬರೀ ಇಂಗ್ಲಿಷ್, ಹಿಂದಿನ ಬೆಂಚಿನಲ್ಲಿ ಬರೀ ನಿದ್ದೆ.

ಕಳೆದ ಮಳೆಗಾಲದ್ದು. ಶಿರಸಿ ಕಡೆ ಒಂದು ಮನೆಗೆ ರಾತ್ರಿ ಕಳ್ಳರು ನುಗ್ಗಿದ್ದರು. ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಅಂಗಳದ ಕೆಸರಿನಲ್ಲಿ ಒಂದು ಬೂಟಿನ ಗುರುತು ನೋಡಿದರು. ಮಳೆ ಬರುವ ಹಾಗಿತ್ತು. ಕಾಲೇಜಿನ ಶಿಬಿರದಲ್ಲಿ ಇಂಥದೇ ಒಂದು ಪಾಠ ಕೇಳಿದ್ದ ಮೊಮ್ಮಗಳು ಮನೆಯಲ್ಲಿ ಅದನ್ನು ಹೇಳಿದ್ದಳಂತೆ. ಅಜ್ಜಿ ಕೊಟ್ಟಿಗೆಯಿಂದ ಹೆಡಿಗೆ ತಂದು ಗುರುತಿನ ಮೇಲೆ ಬೋರಲು ಹಾಕಿ, ಅದರ ಮೇಲೊಂದು ಕಂಬಳಿಕೊಪ್ಪೆ ಹೊದೆಸಿ, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಮನೆಯವರನ್ನೂ ಹತ್ತಿರ ಬಿಡಲಿಲ್ಲ. ಸ್ಥಳ ಪರಿಶೀಲನೆಗೆ ಬಂದ ಹುಡುಗಿ ಹೆಡಿಗೆ ಎತ್ತಿದಾಗ ಅಚ್ಚು ಹಾಗೇ ಇತ್ತು, ಒಂದು ಹನಿ ಬಿದ್ದಿರಲಿಲ್ಲ. ಆಕೆ ಪ್ಲಾಸ್ಟರ್ ಕಲಸತೊಡಗಿದಳು. ಅಜ್ಜಿ ಎದ್ದು ನಿಂತು ಕೇಳಿದರು:

"ತಂಗಿ, ನನ್ನ ಹೆಡಿಗೆ ವಾಪಸ್ ಕೊಡ್ತೀಯೋ, ಅದೂ ಮುದ್ದೆಮಾಲಿಗೆ ಸೇರ್ತೋ?"

ನಮಸ್ಕಾರ.