ಒಡೆದ ಮಡಕೆಯ ಸಸಿ

ಕೇಳುಗರೆಲ್ಲರಿಗೂ ನಮಸ್ಕಾರ. ಇಂದಿನ ಮಾತು ಹಳ್ಳಿಯ ಹೆಂಗಸರು ಸೇರಿ ನಡೆಸುವ ಸಸಿ ನರ್ಸರಿಯ ಬಗ್ಗೆ.

ಬೇವಿನ ಬೀಜಕ್ಕೆ ಕಾಯುವ ತಾಳ್ಮೆಯಿಲ್ಲ. ಹಣ್ಣು ಆಯ್ದು, ತಿರುಳು ತೊಳೆದು, ನೆರಳಿನಲ್ಲಿ ಆರಿಸಿದ ಮೇಲೆ ಬೇಗನೆ ಬಿತ್ತಬೇಕು. ಕೆಲವೇ ವಾರಗಳಲ್ಲಿ ಅದರ ಮೊಳೆಯುವ ಶಕ್ತಿ ಕುಂದುತ್ತದೆ. ತೇಗದ ಬೀಜದ್ದು ಇನ್ನೊಂದು ಹಟ. ನೀರಿನಲ್ಲಿ ನೆನೆಸಿ, ಬಿಸಿಲಿಗೆ ಹರವಿ, ಮತ್ತೆ ನೆನೆಸಿ, ಮತ್ತೆ ಒಣಗಿಸಿ, ಹೀಗೆ ಹಲವು ದಿನ ಓಲೈಸಬೇಕು. ಬೀಜಗಳ ಈ ಸ್ವಭಾವ ಬಲ್ಲವರಿಗೆ ಪದವಿ ಇರಲೇಬೇಕೆಂದೇನೂ ಇಲ್ಲ.

1977ರಲ್ಲಿ ಕೀನ್ಯಾದ ವಂಗಾರಿ ಮಾಥಾಯ್ ಹಳ್ಳಿಯ ಹೆಂಗಸರನ್ನು ಕಟ್ಟಿಕೊಂಡು ಮರ ನೆಡುವ ಹಸಿರು ಪಟ್ಟಿ ಚಳವಳಿ ಆರಂಭಿಸಿದರು. ಸೌದೆ ದೂರವಾಗಿದೆ, ತೊರೆ ಬತ್ತುತ್ತಿದೆ ಎಂಬುದು ಆ ಹೆಂಗಸರ ದೂರು. ಸಸಿ ಬೆಳೆಸುವುದು ತರಬೇತಾದವರ ಕೆಲಸವೆಂದು ಅರಣ್ಯಾಧಿಕಾರಿಗಳು ಮೂಗು ಮುರಿದರು. ಹೆಂಗಸರು ಸುತ್ತಲಿನ ಮರಗಳ ಬೀಜ ತಂದು ಒಡೆದ ಮಡಕೆಗಳಲ್ಲಿ ಊರಿ, ಕೋಳಿ ಮೇಕೆಗಳಿಗೆ ಎಟುಕದಂತೆ ಎತ್ತರದಲ್ಲಿಟ್ಟರು. 2004ರಲ್ಲಿ ವಂಗಾರಿಯವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಅವರ ಲೆಕ್ಕದ ಪದ್ಧತಿ: ಹಂಚಿದ ಸಸಿಗಲ್ಲ, ನೆಟ್ಟು ಬದುಕುಳಿದ ಸಸಿಗೆ ಹೆಂಗಸರಿಗೆ ಕೂಲಿ. ಮೊತ್ತ ಸಣ್ಣದು. ಆದರೆ ಅದು ಸೇರಿದ್ದು ಅವರ ಕೈಗೆ.

ಇನ್ನು ನಮ್ಮ ಹಳ್ಳಿಯ ಹೆಂಗಸು. ಹೊಲದಲ್ಲಿ ದುಡಿಯುವವಳು ಅವಳು, ಹೊಲದ ಪತ್ರದಲ್ಲಿರುವ ಹೆಸರು ಬೇರೆಯವರದು. ಪತ್ರವಿಲ್ಲದವಳಿಗೆ ಸಾಲ ಹುಟ್ಟುವುದು ಕಷ್ಟ. ನರ್ಸರಿಗಾದರೆ ಎಕರೆಗಟ್ಟಲೆ ಭೂಮಿ ಬೇಡ. ನೀರಿಗೆ ಹತ್ತಿರದ ಒಂದು ತುಂಡು ಜಾಗ, ಒಂದಿಷ್ಟು ನೆರಳು, ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಾಕು. ಹತ್ತು ಜನ ಸೇರಿದರೆ ನೀರು ಹಾಕುವ ಸರದಿಯನ್ನೂ ಹಂಚಿಕೊಳ್ಳಬಹುದು. ಒಬ್ಬಳ ಮಗುವಿಗೆ ಜ್ವರ ಬಂದರೂ ಸಸಿ ಒಣಗುವುದಿಲ್ಲ.

ಸಸಿ ಕೆಡುವುದು ಹೆಚ್ಚಾಗಿ ಅತಿಯಾದ ಅಕ್ಕರೆಯಿಂದ. ನೀರು ಹೆಚ್ಚಾದರೆ ಎಳೆಯ ಮೊಳಕೆಯ ಬುಡ ಕೊಳೆತು, ಬೆಳಗಾಗುವಷ್ಟರಲ್ಲಿ ಒರಗಿರುತ್ತದೆ. ಸಸಿ ಬೆಳೆಸುವ ಚೀಲವನ್ನು ಇಟ್ಟಲ್ಲೇ ಬಿಟ್ಟರೆ ತಳದ ತೂತಿನಿಂದ ಬೇರು ಇಳಿದು ನೆಲ ಹಿಡಿಯುತ್ತದೆ. ಒಯ್ಯುವ ದಿನ ಎಳೆದರೆ ಅದೇ ಬೇರು ಪಟ್ಟನೆ ಹರಿಯುತ್ತದೆ. ಆದ್ದರಿಂದ ಆಗಾಗ ಚೀಲ ಎತ್ತಿ, ಹೊರಚಾಚಿದ ಬೇರು ಕತ್ತರಿಸಿ, ಜಾಗ ಬದಲಿಸಬೇಕು. ಚೀಲದೊಳಗೆ ಸುರುಳಿ ಸುತ್ತಿದ ಬೇರಿನ ಸಸಿಯಂತೂ ನೋಡಲು ಸೊಂಪಾಗಿರುತ್ತದೆ, ನೆಟ್ಟ ಮೇಲೆ ಏಳುವುದಿಲ್ಲ. ಬಾನುಲಿಯಲ್ಲಿ ಬೇರು ತೋರಿಸಲಾರೆ, ಒಂದು ಚೀಲ ಸೀಳಿ ನೀವೇ ನೋಡಿ.

ಯಾವ ಸಸಿ ಬೆಳೆಸಬೇಕು? ಈ ಪ್ರಶ್ನೆಯನ್ನು ಯೋಜನೆ ಬರೆಯುವವರು ಹೆಂಗಸರಿಗೆ ಕೇಳುವುದೇ ಅಪರೂಪ. ಮೇಲಿನಿಂದ ಬಂದ ಪಟ್ಟಿಯಲ್ಲಿ ದಿಮ್ಮಿಯ ಮರ ಇರುತ್ತದೆ. ಅವಳಿಗೆ ಬೇಕಾದದ್ದು ಮೇವು, ಸೌದೆ, ಹಣ್ಣು. ಇನ್ನು ಕೊಳ್ಳುವವರು ಯಾರೆಂದು ತಿಳಿಯದೆ ಸಾವಿರ ಚೀಲ ತುಂಬಿಸುವುದು ಸಬಲೀಕರಣವಲ್ಲ, ಬಿಟ್ಟಿ ದುಡಿಮೆ. ಬೀಜ ಬಿತ್ತುವ ಮೊದಲೇ ಖರೀದಿಯ ಮಾತು ಬರಹದಲ್ಲಿರಲಿ, ಹಣ ಬೆಳೆಸಿದವಳ ಖಾತೆಗೇ ಬೀಳಲಿ.

ಮಳೆಗೆ ಕೆಲವು ವಾರ ಮುಂಚೆ ನೆರಳು ತೆಗೆದು, ನೀರು ಕಡಿಮೆ ಮಾಡಿ, ಸಸಿಯನ್ನು ಬಿಸಿಲಿಗೆ ಪಳಗಿಸಬೇಕು. ನೆಟ್ಟಾದ ಮೇಲೆ, ಮುಂದಿನ ಬೇಸಿಗೆ ಕಳೆದ ನಂತರ, ಲೆಕ್ಕದ ಪುಸ್ತಕ ಹಿಡಿದು ಗುಂಡಿಯಿಂದ ಗುಂಡಿಗೆ ಹೋಗಿ ಬದುಕಿದ ಸಸಿಗಳನ್ನು ಎಣಿಸಬೇಕು. ಆ ಪುಸ್ತಕ ಬೆಳೆಸಿದ ಹೆಂಗಸರ ಕೈಯಲ್ಲೇ ಇರಲಿ.

ನಮಸ್ಕಾರ.