ದೊಡ್ಡಮ್ಮನನ್ನು ಯಾರೂ ಕೇಳಲಿಲ್ಲ

ನಮಸ್ಕಾರ. ಒಂದು ಮಾತಿನ ಮೇಲೆ ನನಗಿರುವ ಸಿಟ್ಟಿನಿಂದಲೇ ಇವತ್ತು ಶುರು ಮಾಡುತ್ತೇನೆ. ‘ಇದೇ ಕೊನೆಯ ದಿನ ಎಂದುಕೊಂಡು ಬದುಕಿ’ ಎನ್ನುತ್ತಾರಲ್ಲ, ಆ ಮಾತು. ಸಾವಿನ ಹೊಸ್ತಿಲಲ್ಲಿ ಕುಳಿತು ಬರೆದವರ ಪುಸ್ತಕಗಳ ಬಗ್ಗೆ ಯಾರೇ ಮಾತನಾಡಿದರೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತಾರೆ. ಪಾಲ್ ಕಲಾನಿಧಿಯವರ ‘ವೆನ್ ಬ್ರೆತ್ ಬಿಕಮ್ಸ್ ಏರ್’ ಓದಿದ ಮೇಲೆ ನಾನು ಆ ಮಾತನ್ನು ನಂಬುವುದನ್ನು ಬಿಟ್ಟೆ.

ಪಾಲ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯ ತರಬೇತಿಯಲ್ಲಿದ್ದವರು. ಭಾರತದಿಂದ ಹೋದ ದಂಪತಿಯ ಮಗ. ಮೊದಲು ಇಂಗ್ಲಿಷ್ ಸಾಹಿತ್ಯ ಓದಿ, ಆಮೇಲೆ ವೈದ್ಯಕೀಯಕ್ಕೆ ಬಂದವರು. ತರಬೇತಿ ಇನ್ನೇನು ಮುಗಿಯುತ್ತದೆ ಎನ್ನುವಾಗ, 2013ರ ಮೇ ತಿಂಗಳಲ್ಲಿ, 36ನೇ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. ನಾಲ್ಕನೇ ಹಂತ. ಸಿಗರೇಟು ಮುಟ್ಟಿದವರಲ್ಲ. 2015ರ ಮಾರ್ಚ್ 9ರಂದು ತೀರಿಕೊಂಡರು. ನಡುವೆ ಸಿಕ್ಕಿದ್ದು 22 ತಿಂಗಳು.

ಆ 22 ತಿಂಗಳನ್ನು ಅವರು ಕಳೆದ ಬಗೆ ನೋಡಿ. ಮಾತ್ರೆಗೆ ಗಡ್ಡೆಗಳು ಕುಗ್ಗಿದಾಗ ಮತ್ತೆ ಆಪರೇಷನ್ ಥಿಯೇಟರಿಗೆ ಹೋದರು. ಹೋದ ಮೊದಲ ದಿನವೇ ಶಸ್ತ್ರಚಿಕಿತ್ಸೆಯ ನಡುವೆ ತಲೆ ಸುತ್ತಿ ಬಂದು, ಕೆಲಸವನ್ನು ಕಿರಿಯರಿಗೆ ಒಪ್ಪಿಸಿ ಹೊರಗೆ ಬಂದು ಮಲಗಬೇಕಾಯಿತು. ಆದರೂ ಮತ್ತೆ ಹೋದರು. ಮಗು ಬೇಕೆಂದು ನಿರ್ಧರಿಸಿದರು. ಹೆಂಡತಿ ಲೂಸಿ, ಅವರೂ ವೈದ್ಯೆ, ಕೇಳುತ್ತಾರೆ: ಮಗುವನ್ನು ಬಿಟ್ಟು ಹೋಗುವಾಗ ಸಾವು ಇನ್ನಷ್ಟು ಸಂಕಟವಾಗುವುದಿಲ್ಲವೇ? ಹಾಗಾದರೆ ಒಳ್ಳೆಯದೇ ಅಲ್ಲವೇ ಎನ್ನುತ್ತಾರೆ ಪಾಲ್. ಈ ಉತ್ತರವನ್ನು ಓದಿ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಸಂಕಟ ಕಡಿಮೆ ಮಾಡಿಕೊಳ್ಳುವುದೇ ಬದುಕು ಎಂದು ಅವರು ಒಪ್ಪಲಿಲ್ಲ. 2014ರ ಜುಲೈ 4ರಂದು ಮಗಳು ಹುಟ್ಟಿದಳು. ಕೀಮೋಥೆರಪಿಯಿಂದ ಬೆರಳ ತುದಿಗಳು ಬಿರಿದಾಗ ಕೈಗವಸು ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಬರೆದರು. ಇದೇ ಕೊನೆಯ ದಿನ ಎಂದುಕೊಂಡವರು ತೊಟ್ಟಿಲು ಕಟ್ಟುವುದಿಲ್ಲ, ಪುಸ್ತಕದ ಮೊದಲ ಅಧ್ಯಾಯಕ್ಕೆ ಕೈ ಹಾಕುವುದಿಲ್ಲ.

ಅವರಿಗೆ ಒಂದು ಸಂಖ್ಯೆ ಬೇಕಾಗಿತ್ತು. ಮೂರು ತಿಂಗಳಿದ್ದರೆ ಮನೆಯವರ ಜೊತೆ ಇರುತ್ತೇನೆ, ಒಂದು ವರ್ಷವಿದ್ದರೆ ಪುಸ್ತಕ ಬರೆಯುತ್ತೇನೆ, ಹತ್ತು ವರ್ಷವಿದ್ದರೆ ಮತ್ತೆ ರೋಗಿಗಳನ್ನು ನೋಡುತ್ತೇನೆ ಎಂಬುದು ಅವರ ಲೆಕ್ಕ. ಪುಸ್ತಕದಲ್ಲಿ ಎಮ್ಮಾ ಎಂಬ ಹೆಸರಿನಲ್ಲಿ ಬರುವ ಕ್ಯಾನ್ಸರ್ ತಜ್ಞೆ ಆ ಸಂಖ್ಯೆಯನ್ನು ಹೇಳಲು ಒಪ್ಪುವುದಿಲ್ಲ. ಬದಲಿಗೆ, ನಿಮಗೆ ಯಾವುದು ಮುಖ್ಯ ಎಂಬುದನ್ನು ಮೊದಲು ಕಂಡುಕೊಳ್ಳಿ, ಅದಕ್ಕೆ ತಕ್ಕ ಚಿಕಿತ್ಸೆ ಮಾಡೋಣ ಎನ್ನುತ್ತಾರೆ. ಬೆರಳುಗಳಿಗೆ ಮರಗಟ್ಟುವ ತೊಂದರೆ ಕೊಡುವ ಔಷಧಿಯನ್ನು ಶಸ್ತ್ರವೈದ್ಯನಿಗೆ ಕೊಡಬೇಕೇ ಎಂಬುದರಿಂದ ಹಿಡಿದು ಎಲ್ಲವೂ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿತ್ತು.

ಈ ಪುಸ್ತಕದಿಂದ ನನ್ನ ಎದೆಗೆ ನಾಟಿದ್ದು ಆ ಪ್ರಶ್ನೆ. ಏಕೆಂದರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ.

ನಮ್ಮ ದೊಡ್ಡಮ್ಮನಿಗೆ ಹೊಟ್ಟೆಯ ಕ್ಯಾನ್ಸರ್. ವೈದ್ಯರು ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಗಂಡುಮಕ್ಕಳನ್ನು ಒಳಗೆ ಕರೆದು ಹೇಳಿದರು. ಮನೆಗೆ ಬಂದ ಮೇಲೆ ಅದು ‘ಹುಣ್ಣು’ ಆಯಿತು. ಹಾಲು ತಂದುಕೊಡುವ ಹುಡುಗನಿಗೂ ವಿಷಯ ಗೊತ್ತಿತ್ತು. ‘ಮಳೆಗಾಲ ಕಳೆಯಲಿ, ಹುಣ್ಣು ಮಾಗಲಿ, ತವರಿಗೆ ಹೋಗಿ ತಂಗಿಯನ್ನು ನೋಡಿಕೊಂಡು ಬರುತ್ತೇನೆ’ ಎಂದು ದೊಡ್ಡಮ್ಮ ಹೇಳಿದಾಗಲೆಲ್ಲ ನಾವು ಹೂಂಗುಟ್ಟಿದೆವು. ನಾನೂ ಹೂಂಗುಟ್ಟಿದೆ. ತವರು ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಮಳೆ ನಿಲ್ಲುವ ಮೊದಲೇ ದೊಡ್ಡಮ್ಮ ಹೋದರು.

ಪ್ರೀತಿಯಿಂದಲೇ ಮುಚ್ಚಿಟ್ಟೆವು, ಅದರಲ್ಲಿ ಅನುಮಾನವಿಲ್ಲ. ಹೇಳಿದರೆ ಕುಸಿದುಬಿಡುತ್ತಾರೆ ಎಂಬ ಭಯ. ಆದರೆ ಹಾಗೆ ಮುಚ್ಚಿಟ್ಟು ನಾವು ಅವರ ಕೈಯಿಂದ ಕಸಿದುಕೊಂಡದ್ದು ಅವರದೇ ದಿನಗಳನ್ನು. ದೊಡ್ಡಮ್ಮನಿಗೆ ನಿಜವಾಗಿ ಗೊತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ನಮ್ಮ ಮುಖ ನೋಡಿ, ನಮ್ಮ ಸಲುವಾಗಿ ಅವರೂ ಏನೂ ಅರಿಯದವರಂತೆ ಇದ್ದಿರಬಹುದು. ಪಾಲ್ ಕೂಡ ಮೊದಲು ಇದನ್ನೇ ಮಾಡಿದ್ದರು. ಬೆನ್ನುನೋವು, ಇಳಿಯುತ್ತಿದ್ದ ತೂಕ ನೋಡಿ ಕ್ಯಾನ್ಸರ್ ಇರಬಹುದೆಂಬ ಗುಮಾನಿ ಬಂದರೂ ಅದನ್ನು ಹೆಂಡತಿಯ ಬಳಿ ಬಾಯಿಬಿಟ್ಟು ಹೇಳಿರಲಿಲ್ಲ. ಲೂಸಿಗೆ ಸುಳಿವು ಸಿಕ್ಕಿದ್ದು ಗಂಡ ಮೊಬೈಲಿನಲ್ಲಿ ಕ್ಯಾನ್ಸರ್ ಬಗ್ಗೆ ಹುಡುಕಿದ್ದನ್ನು ಕಂಡಾಗ. ಸಂಸಾರ ಒಡೆಯುವ ಅಂಚಿಗೆ ಬಂದಿತ್ತು. ನಿಜ ಎದುರಿಗೆ ಬಂದು ಕುಳಿತ ಮೇಲೆ ಇಬ್ಬರೂ ಮತ್ತೆ ಒಬ್ಬರಿಗೊಬ್ಬರು ಸಿಕ್ಕಿದರು.

ಪಾಲ್ ವೈದ್ಯರು, ದೊಡ್ಡ ಆಸ್ಪತ್ರೆಯಲ್ಲಿದ್ದವರು, ಅವರ ಮಾತು ಬೇರೆ ಎನ್ನಬಹುದು. ಒಪ್ಪುತ್ತೇನೆ. ಎಲ್ಲರಿಗೂ ಎಲ್ಲವನ್ನೂ ಮುಖಕ್ಕೆ ಹೊಡೆದಂತೆ ಹೇಳಬೇಕೆಂದೂ ನಾನು ಹೇಳುತ್ತಿಲ್ಲ. ನಿಮಗೆ ಎಷ್ಟು ತಿಳಿಯಬೇಕು ಎಂದು ಕೇಳುವುದಕ್ಕೆ ದೊಡ್ಡ ಆಸ್ಪತ್ರೆ ಬೇಕಾಗಿಲ್ಲ. ಮಂಚದ ಪಕ್ಕದಲ್ಲಿ ಕುಳಿತುಕೊಳ್ಳುವ ಧೈರ್ಯ ಸಾಕು. ಬೆಂಗಳೂರಿನ ಕರುಣಾಶ್ರಯದಲ್ಲಿ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಗುಣವಾಗುವ ದಾರಿ ಮುಚ್ಚಿದ ಮೇಲೂ ಮಾಡುವ ಕೆಲಸ ಎಷ್ಟೋ ಇರುತ್ತದೆ.

ಕೊನೆಗೆ ಉಸಿರಾಟ ಕಷ್ಟವಾದಾಗ ಪಾಲ್ ವೆಂಟಿಲೇಟರ್ ಬೇಡವೆಂದರು. ಎಂಟು ತಿಂಗಳ ಮಗಳು ಪಕ್ಕದಲ್ಲಿದ್ದಳು. ಪುಸ್ತಕ ಪೂರ್ತಿಯಾಗಿರಲಿಲ್ಲ, ಕೊನೆಯ ಮಾತನ್ನು ಲೂಸಿ ಬರೆದರು, 2016ರಲ್ಲಿ ಅದು ಹೊರಬಂತು. ವೆಂಟಿಲೇಟರ್ ಬೇಡ ಎನ್ನುವಂಥ ಆಯ್ಕೆಯನ್ನು ಮೊದಲೇ ಬರೆದಿಡಲು ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಗೆ ಕೊಟ್ಟಿದೆ. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಆದರೆ ಕಾಗದದ ಮೇಲೆ ಬರೆಯುವ ಮೊದಲು ಮನೆಯಲ್ಲಿ ಮಾತಾಗಬೇಕಲ್ಲ.

ಅದಕ್ಕೇ ಹೋದ ಭಾನುವಾರ ಅಪ್ಪನನ್ನು ಕೇಳಿದೆ. ಅವರಿಗೆ ಈಗ 71. ಯಾವ ಕಾಯಿಲೆಯೂ ಇಲ್ಲ. ಜಗಲಿಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. ಅಪ್ಪಾ, ಹಾಸಿಗೆ ಹಿಡಿಯುವ ಕಾಲ ಬಂದರೆ ನಿಮಗೆ ಯಾವುದು ಮುಖ್ಯ ಎಂದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಅಡಕತ್ತರಿ ಕೆಳಗಿಟ್ಟು, ತೆಂಗಿನ ಬುಡಕ್ಕೆ ನೀರು ಬಿಡುವಷ್ಟು ಕೈಕಾಲು ಆಡುತ್ತಿರಬೇಕು, ಅದಿಲ್ಲದ ಮೇಲೆ ನಳಿಗೆ ಹಾಕಿಸಿ ಮಲಗಿಸಬೇಡ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ನಿನಗೆ?’ ಎಂದರು.

ನಾನಿನ್ನೂ ಯೋಚಿಸುತ್ತಿದ್ದೇನೆ.